ಥ್ರಾಟಲ್ ಇಲ್ಲದ ಲಾರಿಗೆ ಥ್ರಾಟಲ್ ಬಾಡಿ

ಲಾರಿ ಕೆಟ್ಟರೆ ಮಾಲೀಕನಿಗೆ ಒಂದೇ ಚಿಂತೆ. ಕೆಟ್ಟ ಸುದ್ದಿ ಊರಿಗೆ ಗೊತ್ತಾದರೆ ನೂರೆಂಟು. ಇಳಕಲ್ಲಿನಿಂದ ಹುನಗುಂದದವರೆಗಿನ ಹೆದ್ದಾರಿಯಲ್ಲಿ ಮೂತಿ ಬಿಚ್ಚಿ ನಿಂತ ಲಾರಿಯನ್ನು ಕಂಡೂ ಬೈಕು ನಿಲ್ಲಿಸದೆ ಹೋದವನನ್ನು ಒಬ್ಬನನ್ನಾದರೂ ತೋರಿಸಿ. ಅವನು ಒಂದೋ ಪರವೂರಿನವನು, ಇಲ್ಲವೇ ಅವನ ಬೈಕಿಗೆ ಬ್ರೇಕಿಲ್ಲ. ಉಳಿದವರೆಲ್ಲ ಇಳಿಯುತ್ತಾರೆ. ಇಳಿದವರು ಮೊದಲು ಎಂಜಿನ್ ನೋಡುವುದಿಲ್ಲ, ಮಾಲೀಕನ ಮುಖ ನೋಡುತ್ತಾರೆ. ಆ ಮುಖ ಎಷ್ಟು ಬಾಡಿದೆ ಎಂಬುದರ ಮೇಲೆ ಖರ್ಚಿನ ಅಂದಾಜು ಹೊರಬೀಳುತ್ತದೆ.

ಈ ಅಂದಾಜುಗಳ ಸುಖವನ್ನು ಪೂರ್ತಿಯಾಗಿ ಉಂಡವನು ನಮ್ಮ ಮಾಮಾ. ಹೆಸರು ಬೇಡ, ಬೀಗರು ಓದುತ್ತಾರೆ. ಅವನ ಲಾರಿಯ ವಯಸ್ಸು ಎಷ್ಟೆಂದು ಕೇಳಿದರೆ ನೇರ ಉತ್ತರ ಸಿಗುವುದಿಲ್ಲ. "1997ರ ಆಗಸ್ಟ್ 15ಕ್ಕ ಬಾಗಲಕೋಟಿ ಜಿಲ್ಲಾ ಆತಲ್ಲ, ಅದರ ಹಿಂದ್‌ಮುಂದ" ಎನ್ನುತ್ತಾನೆ. ಹಿಂದೆಯೋ ಮುಂದೆಯೋ ಎಂದು ಒತ್ತಿ ಕೇಳಿದರೆ ಚಹಾ ಹೇಳುತ್ತಾನೆ. ಆ ಲಾರಿ ಹೊರದ ವಸ್ತುವಿಲ್ಲ. ಬಾಗಲಕೋಟೆಯ ಉಳ್ಳಾಗಡ್ಡಿ ಹೊತ್ತಿದೆ, ಸೀಜನ್ನಿನಲ್ಲಿ ಕಬ್ಬು ಹೊತ್ತಿದೆ, ಬನಶಂಕರಿ ಜಾತ್ರೆಗೆ ನಾಟಕ ಕಂಪನಿಯ ಪರದೆ, ಸೈಡ್‌ವಿಂಗು, ಅರಮನೆ, ಅಡವಿ ಎಲ್ಲವನ್ನೂ ಹೊತ್ತಿದೆ. ಇವೆಲ್ಲ ಹಗುರದ ಕೆಲಸ. ಅದರ ನಿಜವಾದ ಹೊಟ್ಟೆಪಾಡು ಇಳಕಲ್ಲಿನ ಕೆಂಪು ಗ್ರಾನೈಟು.

ಒಂದು ದಿನ ಈ ಲಾರಿ ಏರು ಹತ್ತಲು ಒಲ್ಲೆ ಎಂದಿತು. ಸಪಾಟಿನಲ್ಲಿ ಹೋಗುತ್ತಿತ್ತು. ಚಡಾವು ಬಂದೊಡನೆ ಹಿಂದಿನಿಂದ ಕಪ್ಪು ಹೊಗೆ, ಮುಂದಿನಿಂದ ನಿಟ್ಟುಸಿರು. ನಿಲ್ಲಿಸಿ ಐಡ್ಲಿಂಗ್‌ಗೆ ಬಿಟ್ಟರೆ ಎಂಜಿನ್ನು ಒಮ್ಮೆ ಏರಿ ಒಮ್ಮೆ ಇಳಿದು ತನ್ನಷ್ಟಕ್ಕೆ ತಾನೇ ಆಲಾಪ ಮಾಡುತ್ತಿತ್ತು.

ಅದು ಬನದ ಹುಣ್ಣಿಮೆಯ ಹೊತ್ತು. ಜಾತ್ರೆಗೆಂದು ಬೆಂಗಳೂರಿನಿಂದ ಮಾಮಾನ ಅಳಿಯ ಬಂದಿದ್ದ. ಕಂಪ್ಯೂಟರ್ ಕೆಲಸದವನು. ಬಾದಾಮಿಯ ಹತ್ತಿರ ಚೊಳಚಗುಡ್ಡದಲ್ಲಿ ತೇರು ಎಳೆದು, ರಾತ್ರಿ ನಾಟಕ ನೋಡಿ, ಬೆಳಿಗ್ಗೆ ಕಣ್ಣುಜ್ಜುತ್ತ ಬಂದವನು ಲಾರಿಯ ಆಲಾಪ ಕೇಳಿ ಫೋನು ತೆಗೆದ. ಫೋನು ನೋಡಿದ, ಲಾರಿ ನೋಡಿದ, ಮತ್ತೆ ಫೋನು ನೋಡಿದ. ಆಮೇಲೆ ತೀರ್ಪು ಕೊಟ್ಟ: "ಮಾಮಾ, ಥ್ರಾಟಲ್ ಬಾಡಿ ಸವದೈತಿ. ಪೂರ್ತಿ ಬದಲಿ ಮಾಡಬೇಕು."

ಅಳಿಯ ಹೇಳಿದ ರೋಗ ಸುಳ್ಳಿನದಲ್ಲ. ರೋಗಿ ಮಾತ್ರ ಬೇರೆ ದೇಶದವನು. ಪೆಟ್ರೋಲ್ ಎಂಜಿನ್ನಿನಲ್ಲಿ ನಾವು ಆಕ್ಸಿಲರೇಟರ್ ತುಳಿದಾಗ ಕೊಡುವುದು ಪೆಟ್ರೋಲನ್ನಲ್ಲ, ಗಾಳಿಯನ್ನು. ಗಾಳಿಯ ದಾರಿಯಲ್ಲಿ ಒಂದು ದುಂಡನೆಯ ತಗಡಿನ ಕದ ಇರುತ್ತದೆ. ತುಳಿದಷ್ಟೂ ಅದು ತೆರೆಯುತ್ತದೆ, ಒಳಗೆ ಹೋದ ಗಾಳಿಯ ಲೆಕ್ಕ ನೋಡಿ ಪೆಟ್ರೋಲು ಬೀಳುತ್ತದೆ. ಆ ಕದ ಮತ್ತು ಅದರ ಚೌಕಟ್ಟು ಸೇರಿ ಥ್ರಾಟಲ್ ಬಾಡಿ. 1987ರಿಂದ 1995ರವರೆಗಿನ ಷೆವರ್ಲೆ ಪಿಕಪ್‌ಗಳಲ್ಲಿ ಪೆಟ್ರೋಲು ಚಿಮುಕಿಸುವ ಇಂಜೆಕ್ಟರುಗಳೂ ಈ ಚೌಕಟ್ಟಿನ ನೆತ್ತಿಯ ಮೇಲೆಯೇ ಕೂತಿದ್ದವು. ವರ್ಷಗಟ್ಟಲೆ ತೆರೆದು ಮುಚ್ಚಿ ಮಾಡಿದರೆ ಕದದ ಸರಳು ತಿರುಗುವ ಅಲ್ಯೂಮಿನಿಯಂ ತೂತು ಅಗಲವಾಗುತ್ತದೆ. ಸಂದಿನಿಂದ ಕಳ್ಳಗಾಳಿ ನುಗ್ಗುತ್ತದೆ. ಎಂಜಿನ್ನಿಗೆ ಲೆಕ್ಕ ತಪ್ಪುತ್ತದೆ, ಏರಿಳಿತ ಶುರುವಾಗುತ್ತದೆ. ಆಗ ಹಳೆಯದನ್ನು ಬಿಚ್ಚಿ, ಗ್ಯಾಸ್ಕೆಟ್ ಬದಲಿಸಿ, ಹೊಸದನ್ನು ಕೂರಿಸುವುದು ಅಮೆರಿಕದ ಹಳ್ಳಿಗನಿಗೆ ಒಂದು ರವಿವಾರದ ಕೆಲಸ.

ನಮ್ಮಲ್ಲೂ ಈ ಕದ ಇಲ್ಲದಿಲ್ಲ. ಓಣಿಓಣಿ ತಿರುಗುವ ಮಾರುತಿ ಸೂಪರ್ ಕ್ಯಾರಿಯಲ್ಲಿದೆ, ಚೋಟಾ ಹಾಥಿ ಎಂದು ಕರೆಯಿಸಿಕೊಳ್ಳುವ ಟಾಟಾ ಏಸ್‌ನ ಪೆಟ್ರೋಲ್ ಮಾದರಿಯಲ್ಲಿದೆ. ಅಲ್ಲಿ ಅದು ಸವೆಯುವುದಕ್ಕಿಂತ ಮೊದಲು ಮೆತ್ತಿಕೊಳ್ಳುತ್ತದೆ. ನಮ್ಮ ಧೂಳು, ಎಂಜಿನ್ನಿನೊಳಗಿನ ಎಣ್ಣೆಯ ಆವಿ ಎರಡೂ ಕೂಡಿ ಕದದ ಅಂಚಿಗೆ ಡಾಂಬರು ಬಳಿಯುತ್ತವೆ. ಸ್ಪ್ರೇ ಹೊಡೆದು ಬಟ್ಟೆಯಲ್ಲಿ ಒರೆಸಿದರೆ ಎಷ್ಟೋ ಸಲ ವಾಸಿಯಾಗುವ ಕಾಯಿಲೆ. ಒರೆಸುವುದಕ್ಕೆ ಮೊದಲೇ ಹೊಸದು ತರಿಸಲು ಹೇಳುವ ಮಹಾನುಭಾವರೂ ಇದ್ದಾರೆ. ಅವರ ಮಕ್ಕಳೂ ಓದಬೇಕಲ್ಲ.

ಮಾಮಾನದು ಡೀಸೆಲ್ ಲಾರಿ. ಹಳೆಯ ಡೀಸೆಲ್ ಎಂಜಿನ್ನಿಗೆ ಗಾಳಿಯ ಬಾಗಿಲೇ ಇಲ್ಲ, ಹಗಲೂ ರಾತ್ರಿ ತೆರೆದ ಮನೆ. ಬೇಕಾದಷ್ಟು ಗಾಳಿ ಎಳೆದುಕೊಳ್ಳುತ್ತದೆ. ಲಗಾಮು ಇರುವುದು ಡೀಸೆಲ್ಲಿಗೆ, ಅದನ್ನು ಹಿಡಿದಿರುವುದು ಎಂಜಿನ್ನಿನ ಪಕ್ಕೆಗೆ ಕೂತ ಇಂಜೆಕ್ಷನ್ ಪಂಪು. ಮಾಮಾನ ಉಸ್ತಾದ್ ಮೆಕ್ಯಾನಿಕ್ಕು ಅಳಿಯನ ತೀರ್ಪನ್ನು ಗೌರವದಿಂದ ಕೇಳಿಸಿಕೊಂಡ. ಬೀಡಿ ಆರಿಸಿ, "ಸಾಹೇಬ್ರ, ಇದರಾಗ ಥ್ರಾಟಲ್ ಹುಡುಕ್ಕೋತ ಕುಂತ್ರ ಮುಂದಿನ ಬನದ ಹುಣ್ಣಿವಿ ಬರತೈತಿ" ಎಂದ.

ಅಷ್ಟರಲ್ಲಿ ಮಾತಿಗೆ ಬಾಯಿ ಹಾಕಿದ್ದು ಕಟ್ಟೆಯ ಮೇಲಿನ ಕಾಕಾ. ಅರವತ್ತರ ದಶಕದ ಲಾರಿಗಳಲ್ಲಿ ಕ್ಲೀನರ್ ಆಗಿ ಶುರುಮಾಡಿದವರು. "ಇಲ್ಲಂತ ಯಾಕಂತಿ? ಟಾಟಾ-ಮರ್ಸಿಡಿಸ್‌ಗೆ ಇತ್ತಲ್ಲ!" ಎಂದರು. ನೋಡಿ, ಮುದುಕರನ್ನು ಕಟ್ಟೆಯ ಮೇಲೆ ಕೂರಿಸಿಕೊಂಡಿರಬೇಕಾದದ್ದು ಇದಕ್ಕೇ. 1954ರಲ್ಲಿ ಟಾಟಾದವರು ಮರ್ಸಿಡಿಸ್-ಬೆಂಜ್ ಜೊತೆ ಸೇರಿ ಜಮ್ಶೆಡ್‌ಪುರದಲ್ಲಿ ಲಾರಿ ಕಟ್ಟಲು ತೊಡಗಿದರು. ಆ ಕಾಲದ ಎಂಜಿನ್ನಿನ ಗಾಳಿಕೊಳವೆಯಲ್ಲಿ ನಿಜಕ್ಕೂ ಒಂದು ತಗಡಿನ ಕದ ಇತ್ತು. ಅದು ಗಾಳಿಯನ್ನು ತಡೆಯುವುದಕ್ಕಲ್ಲ, ಸೆಳೆತ ಹುಟ್ಟಿಸುವುದಕ್ಕೆ. ಆ ಸೆಳೆತ ಒಂದು ಸಣ್ಣ ಪೈಪಿನ ಮೂಲಕ ಪಂಪಿನ ಬೆನ್ನಿಗಿದ್ದ ಚರ್ಮದ ಪರದೆಯನ್ನು ಎಳೆಯುತ್ತಿತ್ತು, ಪರದೆ ಪಂಪಿನ ರ‍್ಯಾಕನ್ನು ಎಳೆಯುತ್ತಿತ್ತು. ಅದೇ ಗಾಳಿ ಗವರ್ನರ್. ಚರ್ಮ ಒಣಗಿ ಬಿರಿದರೆ ಎಂಜಿನ್ನು ಯಾರ ಮಾತೂ ಕೇಳುತ್ತಿರಲಿಲ್ಲ. ಕಾಕಾ ಹೇಳುವ ಪ್ರಕಾರ, ಏರಿನಲ್ಲಿ ಗೇರಿನಲ್ಲೇ ನಿಂತ ಅಂಥ ಲಾರಿ ಹಿಂದಕ್ಕೆ ಸರಿದಾಗ ಎಂಜಿನ್ನು ಉಲ್ಟಾ ಚಾಲೂ ಆಗಿ ಏರ್ ಫಿಲ್ಟರಿನಿಂದ ಹೊಗೆ ಉಗುಳುತ್ತಿತ್ತಂತೆ. ಕಾಕಾನ ಮಾತಿನಲ್ಲಿ ಉಪ್ಪುಖಾರ ಇರುತ್ತದೆ. ಆದರೆ ಡೀಸೆಲ್ ಎಂಜಿನ್ನು ಹಾಗೆ ಮಾಡಬಲ್ಲದು ಎಂಬುದನ್ನು ಉಸ್ತಾದನೂ ಅಲ್ಲಗಳೆಯಲಿಲ್ಲ.

ಅಂದರೆ ಅಳಿಯ ಸರಿಯಾಗಿಯೇ ಹೇಳಿದ್ದ, ಐವತ್ತು ವರ್ಷ ತಡವಾಗಿ. ಅವನ ಮುಖಕ್ಕೆ ಸ್ವಲ್ಪ ಕಳೆ ಬಂತು. ಅಷ್ಟೇ ಹೊತ್ತಿಗೆ ಉಳಿದವರ ಸರದಿಯೂ ಬಂತು. ಏರ್ ಹಿಡಿದಿದೆ ಎಂದರು. ಫಿಲ್ಟರ್ ಕಟ್ಟಿದೆ ಎಂದರು. ಸೈಲೆನ್ಸರಿನಲ್ಲಿ ಇಲಿ ಗೂಡು ಕಟ್ಟಿದೆ ಎಂದವನೂ ಒಬ್ಬ. ಕಾಗದಪತ್ರ ಬಿಟ್ಟು ಬೇರೇನೂ ನೋಡದ ಏಜೆಂಟನೊಬ್ಬ, "ಇನ್ಶುರೆನ್ಸ್ ಮುಗದಿರಬೇಕು ನೋಡ್ರಿ" ಎಂದ. ಮಾಮಿ ಮಾತ್ರ ಒಳಗಿನಿಂದಲೇ ನಿಂಬೆಹಣ್ಣು, ಹಸಿಮೆಣಸಿನಕಾಯಿ ಕಳಿಸಿದಳು. ಅಷ್ಟೂ ಚಿಕಿತ್ಸೆಗಳಲ್ಲಿ ಖರ್ಚು ಕಡಿಮೆಯದು ಅದೇ.

ಉಸ್ತಾದ್ ಮಾತಾಡದೆ ಪಂಪು ಬಿಚ್ಚಿದ. ಬಿಚ್ಚುವ ಮುಂಚೆ ಪಂಪಿಗೂ ಎಂಜಿನ್ನಿಗೂ ಉಳಿಯಿಂದ ಗುರುತು ಹೊಡೆದ, ಟೈಮಿಂಗ್ ತಪ್ಪಬಾರದೆಂದು. ಈ ಪಂಪುಗಳಿಗೂ ಒಂದು ವಂಶಾವಳಿ ಇದೆ. 1893ರಲ್ಲಿ ತನ್ನ ಎಂಜಿನ್ನಿನ ವಿಚಾರವನ್ನು ಪುಸ್ತಕ ಮಾಡಿದ ರುಡಾಲ್ಫ್ ಡೀಸೆಲ್‌ಗೆ ಇಂಥ ಪಂಪು ಕೈಗೂಡಿರಲಿಲ್ಲ. ಅವನ ಎಂಜಿನ್ನಿನಲ್ಲಿ ಎಣ್ಣೆಯನ್ನು ಊದಲು ಒತ್ತಿದ ಗಾಳಿಯ ದೊಡ್ಡ ಸಂಸಾರವೇ ಬೇಕಿತ್ತು. ಅದನ್ನು ಹೊತ್ತ ಎಂಜಿನ್ನು ಹಡಗಿಗೆ ಸರಿ, ಲಾರಿಗೆ ಭಾರ. 1927ರಲ್ಲಿ ಜರ್ಮನಿಯ ಬಾಷ್ ಕಂಪನಿ ಸಾಲು ಪಂಪನ್ನು ಕಾರ್ಖಾನೆಯಿಂದ ರಾಶಿರಾಶಿಯಾಗಿ ಹೊರತಂದ ಮೇಲೆ ಡೀಸೆಲ್ ರಸ್ತೆಗಿಳಿಯಿತು. ನಮ್ಮ ಪಾಲಿಗೆ ಅದು ಬಂದದ್ದು 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೈಕೋ ಮೂಲಕ. ಪಂಪು ಆಡುಗೋಡಿಯದು, ನಾಝಲ್ಲು ನಾಸಿಕದ್ದು. ಕಂಪನಿ ತನ್ನ ಹೆಸರನ್ನು 2008ರಲ್ಲೇ ಬಾಷ್ ಎಂದು ಬದಲಿಸಿಕೊಂಡಿದೆ. ಆ ಸುದ್ದಿ ಹುನಗುಂದ ದಾಟಿ ಈಚೆಗೆ ಬಂದಿಲ್ಲ. ಇಲ್ಲಿ ಇವತ್ತಿಗೂ ಅದು ಮೈಕೋ ಪಂಪೇ.

ಪಂಪನ್ನು ಬಾಗಲಕೋಟೆಗೆ ಒಯ್ಯುವುದೆಂದಾಯಿತು. ಬಿಚ್ಚಿದ ಪೈಪುಗಳ ಬಾಯಿಗೆ ಧೂಳು ಹೋಗಬಾರದೆಂದು ಉಸ್ತಾದ್ ಮೆತ್ತನೆಯ ಬಟ್ಟೆ ಕೇಳಿದ. ಮಾಮಾ ಕೈಗೆ ಸಿಕ್ಕಿದ್ದನ್ನು ಎಳೆದುಕೊಟ್ಟ. ಅದು ಮಾಮಿಯ ಹಳೆಯ ಇಳಕಲ್ ಸೀರೆ ಎಂಬುದು ಬಸ್ಸು ಹೊರಟ ಮೇಲೆ ತಿಳಿಯಿತು. ಆಮೇಲೆ ಅಮೀನಗಡದವರೆಗೂ ಅವನ ಫೋನು ಬಡಿದುಕೊಳ್ಳುತ್ತಲೇ ಇತ್ತು. ಅಮೀನಗಡದಲ್ಲಿ ಇಳಿದು ಎರಡು ಡಬ್ಬಿ ಕರದಂಟು ಕೊಂಡ ಮೇಲೆ ಫೋನು ಎತ್ತುವ ಧೈರ್ಯ ಬಂತು. ಬಸ್ಸಿನ ಕಂಡಕ್ಟರು ಗಂಟನ್ನು ನೋಡಿ ಲಗೇಜು ಎಂದ. ಮಾಮಾ ಸೀರೆ ಎಂದ. ಕಂಡಕ್ಟರು ಎತ್ತಿ ನೋಡಿ, "ಜರಿ ಭಾಳ ಐತಿ" ಎಂದು ಟಿಕೆಟು ಹರಿದ.

ಬಾಗಲಕೋಟೆಯ ನವನಗರದಲ್ಲಿ ಅಂಗಡಿ ಹುಡುಕುವುದು ಬೇರೆಯೇ ಸಾಹಸ. ಹಳೆಯ ಊರಿನ ಎಷ್ಟೋ ಓಣಿಗಳನ್ನು ಆಲಮಟ್ಟಿಯ ಹಿನ್ನೀರು ನುಂಗುತ್ತದೆಂದು ಕಟ್ಟಿದ ಊರು ಇದು, ವಿಳಾಸವೆಲ್ಲ ಸೆಕ್ಟರ್ ನಂಬರಿನಲ್ಲಿ. ಹಳೆಯ ಊರಿನಲ್ಲಾದರೆ ಇಂಥ ಗುಡಿಯ ಹಿಂದೆ, ಇಂಥ ಬೇವಿನ ಮರದ ಎದುರು ಎಂದು ಕೇಳಬಹುದಿತ್ತು. ಇಲ್ಲಿ ಲೆಕ್ಕ ಬಾರದವನಿಗೆ ಪಂಪು ರಿಪೇರಿಯಾಗುವುದಿಲ್ಲ. ಅಂತೂ ಅಂಗಡಿ ಸಿಕ್ಕಿತು.

ಪಂಪಿನ ಮಾಸ್ತರರ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕು. ಭಕ್ತಿಗಲ್ಲ, ಧೂಳಿಗೆ. ಪಂಪಿನೊಳಗೆ ಸಿಲಿಂಡರಿಗೊಂದರಂತೆ ಎಲಿಮೆಂಟುಗಳಿರುತ್ತವೆ: ಒಂದು ಉಕ್ಕಿನ ಕೊಳವೆ, ಅದರೊಳಗೆ ಆಡುವ ಒಂದು ಉಕ್ಕಿನ ಕಡ್ಡಿ. ಎರಡರ ನಡುವೆ ವಾಷರಿಲ್ಲ, ರಬ್ಬರಿಲ್ಲ. ಇರುವ ಸಂದು ತಲೆಗೂದಲಿನ ದಪ್ಪವನ್ನು ಇಪ್ಪತ್ತು ಪಾಲು ಮಾಡಿದರೆ ಒಂದು ಪಾಲಿನಷ್ಟು. ಆ ಸಂದಿಗೆ ಡೀಸೆಲ್ಲೇ ಎಣ್ಣೆ, ಡೀಸೆಲ್ಲೇ ಬಿರಡೆ. ಇನ್ನೊಂದು ಎಲಿಮೆಂಟಿನ ಕಡ್ಡಿ ತಂದು ಈ ಕೊಳವೆಗೆ ಹಾಕಿದರೆ ನಡೆಯುವುದಿಲ್ಲ, ಜೋಡಿ ಕಾರ್ಖಾನೆಯಲ್ಲೇ ಗೊತ್ತಾಗಿರುತ್ತದೆ. ಕಡ್ಡಿಯ ಮೈಮೇಲೆ ಓರೆಯಾಗಿ ಒಂದು ಗೀರು ಕೊರೆದಿರುತ್ತಾರೆ. ಡ್ರೈವರು ಪೆಡಲು ತುಳಿದಾಗ ಪಂಪಿನೊಳಗಿನ ಹಲ್ಲುಪಟ್ಟಿ, ಅದೇ ರ‍್ಯಾಕು, ಸರಿದು ಎಲ್ಲ ಕಡ್ಡಿಗಳನ್ನೂ ಒಟ್ಟಿಗೆ ತುಸು ತಿರುಗಿಸುತ್ತದೆ. ಓರೆ ಗೀರು ಎಲ್ಲಿಗೆ ಬಂತೋ ಅಷ್ಟು ಡೀಸೆಲ್ಲು ನಾಝಲ್ಲಿಗೆ. ನಾಝಲ್ಲು ಬಾಯಿ ತೆರೆಯಬೇಕಾದರೆ ಇನ್ನೂರು ಕೆಜಿಗೂ ಮೀರಿದ ಪ್ರೆಶರ್ ಬೇಕು. ಆ ಸ್ಪ್ರೇಗೆ ಬೆರಳು ಒಡ್ಡಿದರೆ ಚರ್ಮದೊಳಗೇ ಹೊಗುತ್ತದೆ. ಇದನ್ನು ಮಾಸ್ತರರು ಬಂದವರಿಗೆಲ್ಲ ಮೊದಲೇ ಹೇಳುತ್ತಾರೆ, ಬಂದವರೆಲ್ಲ ಬೆರಳು ಒಡ್ಡಲೆಂದೇ ಬಾಗಿರುತ್ತಾರೆ.

ಮಾಸ್ತರರು ಮಾಮಾನ ಪಂಪನ್ನು ಬೆಂಚಿಗೆ ಏರಿಸಿ ತಿರುಗಿಸಿದರು. ಎದುರಿನ ಗಾಜಿನ ನಳಿಗೆಗಳಲ್ಲಿ ಡೀಸೆಲ್ಲು ತುಂಬತೊಡಗಿತು. ಎಲ್ಲದರಲ್ಲೂ ಒಂದೇ ಮಟ್ಟ ಇರಬೇಕಾದಲ್ಲಿ ಒಂದರಲ್ಲಿ ಮುಕ್ಕಾಲು, ಒಂದರಲ್ಲಿ ಅರ್ಧ, ಮತ್ತೊಂದರಲ್ಲಿ ತಳ ಒದ್ದೆ. ಲಾರಿಯ ಆಲಾಪದ ರಾಗ ಅಲ್ಲಿ ಕಣ್ಣಿಗೆ ಕಂಡಿತು. ಎಲಿಮೆಂಟು ಬಿಚ್ಚಿ ಬೆಳಕಿಗೆ ಹಿಡಿದರೆ ಕಡ್ಡಿಯ ಮೇಲೆಲ್ಲ ಉದ್ದುದ್ದ ಗೀಚು.

"ಸೀಮೆಎಣ್ಣಿ ಹಾಕೀರೇನು?" ಎಂದರು ಮಾಸ್ತರರು.

"ಛೇ ಛೇ" ಎಂದ ಮಾಮಾ. ಸ್ವಲ್ಪ ಹೊತ್ತು ಬಿಟ್ಟು, "ಹಿಂದಿನ ಡ್ರೈವರ್ ಹಾಕಿರಬೇಕು" ಎಂದ. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, "ಭಾಳಿಲ್ಲ" ಎಂದ. ರೇಷನ್ನಿನ ನೀಲಿ ಸೀಮೆಎಣ್ಣೆ ಡೀಸೆಲ್ಲಿಗಿಂತ ಅಗ್ಗ ಎಂಬುದನ್ನು ಕಂಡುಹಿಡಿಯಲು ಈ ದೇಶದಲ್ಲಿ ಯಾರೂ ಕಾಲೇಜಿಗೆ ಹೋಗಬೇಕಾಗಿರಲಿಲ್ಲ. ಅದಕ್ಕೆ ಡೀಸೆಲ್ಲಿನ ಜಿಡ್ಡಿಲ್ಲ, ಸಂದಿನಲ್ಲಿ ಉಕ್ಕಿಗೆ ಉಕ್ಕು ತಿಕ್ಕುತ್ತದೆ ಎಂಬುದನ್ನು ಕಂಡುಹಿಡಿಯಲು ಮಾತ್ರ ಪಂಪು ಬಿಚ್ಚಬೇಕಾಗುತ್ತದೆ.

ಆಮೇಲೆ ಮಾಸ್ತರರು ಪಂಪಿನ ಹಿಂಬದಿಯ ಒಂದು ಸ್ಕ್ರೂ ತೋರಿಸಿದರು. ರ‍್ಯಾಕು ಎಲ್ಲಿಯವರೆಗೆ ಸರಿಯಬಹುದು, ಅಂದರೆ ಎಂಜಿನ್ನಿಗೆ ಹೆಚ್ಚೆಂದರೆ ಎಷ್ಟು ಡೀಸೆಲ್ಲು ಹೋಗಬಹುದು ಎಂಬುದಕ್ಕೆ ಗಡಿ ಹಾಕುವ ಸ್ಕ್ರೂ ಅದು. ಕಾರ್ಖಾನೆಯಲ್ಲಿ ಅದಕ್ಕೆ ತಂತಿ ಕಟ್ಟಿ ಸೀಸದ ಸೀಲು ಒತ್ತಿರುತ್ತಾರೆ. ಮಾಮಾನ ಪಂಪಿನಲ್ಲಿ ಸೀಲೂ ಇರಲಿಲ್ಲ, ತಂತಿಯೂ ಇರಲಿಲ್ಲ. ಸ್ಕ್ರೂವಿನ ತಲೆ ಮಾತ್ರ ಬಗೆಬಗೆಯ ಸ್ಕ್ರೂಡ್ರೈವರುಗಳ ರುಚಿ ನೋಡಿ ನುಣ್ಣಗಾಗಿತ್ತು.

ಇಲ್ಲಿಗೆ ಬಂತು ನೋಡಿ ಕತೆ. ಗ್ರಾನೈಟಿನ ಒಂದು ಘನ ಮೀಟರು ಸುಮಾರು 2.7 ಟನ್ನು ತೂಗುತ್ತದೆ. ನೋಡಲು ಸೊಂಟದೆತ್ತರದ ಒಂದು ಪೆಟ್ಟಿಗೆ, ಅಷ್ಟೇ. ಲಾರಿಯ ಹಲಗೆಯ ಮೇಲೆ ಎರಡು ಬ್ಲಾಕು ಇಟ್ಟರೆ ಉಳಿದ ಜಾಗವೆಲ್ಲ ಖಾಲಿ ಖಾಲಿ ಕಾಣುತ್ತದೆ. ಖಾಲಿ ಜಾಗ ಕಂಡರೆ ನಮ್ಮ ಮಂದಿಗೆ ಜೀವ ತಡೆಯುವುದಿಲ್ಲ, ಇನ್ನೊಂದು ಬ್ಲಾಕು ಹತ್ತುತ್ತದೆ. ಲಾರಿ ಏರಿನಲ್ಲಿ ತೇಕುತ್ತದೆ. ಆಗ ಯಾರೋ ಜಾಣ, "ಪಿಕಪ್ ಬೇಕೇನು? ಅರ್ಧ ಸುತ್ತು ಕೊಡು" ಎಂದು ಸೀಲು ಒಡೆಯುತ್ತಾನೆ. ಅರ್ಧ ಸುತ್ತಿಗೆ ಲಾರಿ ನಿಜಕ್ಕೂ ಎಳೆಯುತ್ತದೆ, ಕೆಡುಕೆಲ್ಲ ಇರುವುದು ಅಲ್ಲಿಯೇ. ಎಳೆಯದೇ ಹೋಗಿದ್ದರೆ ಯಾರೂ ಮತ್ತೆ ಮುಟ್ಟುತ್ತಿರಲಿಲ್ಲ. ಎಲಿಮೆಂಟು ಸವೆದಂತೆಲ್ಲ ಎಳೆತ ಕುಗ್ಗುತ್ತದೆ, ಮತ್ತೆ ಅರ್ಧ ಸುತ್ತು. ಆದರೆ ಎಂಜಿನ್ನಿಗೆ ಹೋಗುವ ಗಾಳಿ ಮೊದಲಿನಷ್ಟೇ. ಸುಡಲು ಗಾಳಿ ಸಾಲದ ಡೀಸೆಲ್ಲು ಮಸಿಯಾಗಿ ಹೊರಬೀಳುತ್ತದೆ, ಉಳಿದ ಮಸಿ ನಾಝಲ್ಲಿನ ಬಾಯಿಗೆ ಮೆತ್ತುತ್ತದೆ, ನಾಝಲ್ಲು ಸ್ಪ್ರೇ ಬಿಟ್ಟು ತೊಟ್ಟಿಕ್ಕತೊಡಗುತ್ತದೆ, ಪಿಸ್ಟನ್ನು ಕಾಯುತ್ತದೆ, ಎಳೆತ ಇನ್ನಷ್ಟು ಕುಗ್ಗುತ್ತದೆ. ಔಷಧ ಗೊತ್ತೇ ಇದೆ: ಅರ್ಧ ಸುತ್ತು.

ಕಲ್ಲು ಸಾಗಿಸುವ ವಿಷಯದಲ್ಲಿ ಬಾದಾಮಿಯ ಚಾಲುಕ್ಯರು ಬಲು ಜಾಣರು. 578ರಲ್ಲಿ ಮಂಗಳೇಶ ಮೂರನೆಯ ಗುಹೆ ಕೊರೆಸಿದಾಗ ಗುಡ್ಡವನ್ನು ಎಲ್ಲಿಗೂ ಸಾಗಿಸಲಿಲ್ಲ. ವಿಷ್ಣುವನ್ನೇ ಬಂಡೆಯೊಳಗೆ ಕರೆಸಿಕೊಂಡ. ಡೀಸೆಲ್ಲು ಉಳಿಯಿತು, ಸೀಲೂ ಉಳಿಯಿತು. ಪಟ್ಟದಕಲ್ಲಿಗೆ ಕಲ್ಲು ಹೊತ್ತವರ ಪಾಡು ಬೇರೆ, ಅವರನ್ನು ಕೇಳಿದರೆ ಈ ಮಾತು ಒಪ್ಪಲಿಕ್ಕಿಲ್ಲ.

ಇಳಕಲ್ಲಿನ ಮಹಾಂತ ಅಪ್ಪಗಳು ಊರೂರು ತಿರುಗಿ, ಜೋಳಿಗೆ ಒಡ್ಡಿ, ಜನರಿಂದ ದುಶ್ಚಟಗಳನ್ನು ಭಿಕ್ಷೆ ಬೇಡಿದವರು. ಅವರ ಹುಟ್ಟುದಿನ ಆಗಸ್ಟ್ 1 ಈಗ ರಾಜ್ಯಕ್ಕೇ ವ್ಯಸನಮುಕ್ತ ದಿನ. ಮಾಮಾ ತನ್ನ ಗುಟ್ಕಾವನ್ನು ಎಂದೋ ಆ ಜೋಳಿಗೆಗೆ ಹಾಕಿ ಬಂದವನು, ಈವರೆಗೂ ಮುಟ್ಟಿಲ್ಲ, ಮೆಚ್ಚಬೇಕು. ಸ್ಕ್ರೂ ತಿರುವುವುದೂ ಒಂದು ಚಟ ಎಂದು ಅವನಿಗೆ ಆಗ ಹೊಳೆಯದೇ ಹೋಯಿತು.

ಇನ್ನು ಪಂಪನ್ನೇ ಬದಲಿಸುವುದೋ, ಒಳಗಿನದನ್ನು ಬದಲಿಸುವುದೋ? ಅಳಿಯ ಬೆಂಗಳೂರಿಗೆ ವಾಪಸು ಹೋಗಿದ್ದರೂ ಫೋನಿನಲ್ಲಿ ಹೊಸದೇ ಹಾಕಿಸು ಎಂದ. ತೀರ್ಪು ಮಾಮಿಯಿಂದ ಬಂತು: "ಸೆರಗು ಹರದ್ರ ಸೀರಿ ಒಗಿತಾರೇನು? ಒಡಲಿಗೆ ಸೆರಗು ಕೊಂಡಿ ಹಾಕಿ ಕೂಡಿಸತಾರು. ಪಂಪಿಗೂ ಹಂಗ ಮಾಡಸ್ರಿ. ಮತ್ತ ನನ್ನ ಸೀರಿ ತರ್ರಿ." ಮಾಸ್ತರರು ಎಲಿಮೆಂಟು, ಡೆಲಿವರಿ ವಾಲ್ವು, ನಾಝಲ್ಲು ಬದಲಿಸಿದರು. ಹ್ಯಾಂಡ್ ಟೆಸ್ಟರಿನಲ್ಲಿ ಹೊಸ ನಾಝಲ್ಲು ಕಿರ್‌ಕಿರ್ ಎಂದು ಸದ್ದು ಮಾಡಿ ಮಂಜಿನಷ್ಟು ಸಣ್ಣಗೆ ಚಿಮ್ಮಿತು. ಬೆಂಚಿನ ಗಾಜುಗಳಲ್ಲಿ ಡೀಸೆಲ್ಲು ಒಂದೇ ಗೆರೆಗೆ ನಿಂತಿತು. ಸ್ಕ್ರೂವನ್ನು ಲೆಕ್ಕಕ್ಕೆ ತಂದು, ತಂತಿ ಪೋಣಿಸಿ, ಸೀಲು ಒತ್ತಲು ಮಾಸ್ತರರು ಇಕ್ಕಳ ಎತ್ತಿದಾಗ ಮಾಮಾ ಮೆಲ್ಲಗೆ ಬಾಗಿದ.

"ಸೀಲ್ ಹಾಕ್ರಿ. ಬ್ಯಾಡ ಅನ್ನಂಗಿಲ್ಲ. ಖರೆ, ಸ್ವಲ್ಪ ಸಡ್ಲ ಹಾಕ್ರಿ."

ಮಾಸ್ತರರು ಬಿಗಿಯಾಗಿಯೇ ಒತ್ತಿದರು.

ಉಸ್ತಾದ್ ಪಂಪು ಕೂರಿಸಿದ, ಗುರುತಿಗೆ ಗುರುತು ಹೊಂದಿಸಿದ. ಪ್ರೈಮಿಂಗ್ ಗುಬ್ಬಿಯನ್ನು ಒತ್ತಿ ಒತ್ತಿ ಉಸ್ತಾದನ ಕೈಕೆಳಗಿನ ಹುಡುಗನ ಹೆಬ್ಬೆರಳು ಊದಿಕೊಂಡಿತು. ಏರ್ ಸ್ಕ್ರೂವಿನಿಂದ ಗುಳ್ಳೆ ಬರುವುದು ನಿಂತ ಮೇಲೆ, ನಾಝಲ್ಲಿನ ನಟ್ಟುಗಳನ್ನು ಸಡಿಲಿಸಿ ಸೆಲ್ಫು ಹೊಡೆದು, ಡೀಸೆಲ್ಲು ಚಿಮ್ಮಿದೊಡನೆ ಒಂದೊಂದಾಗಿ ಬಿಗಿದರು. ಎಂಜಿನ್ನು ಕೆಮ್ಮಿತು, ಬಿಳಿ ಹೊಗೆ ಬಿಟ್ಟಿತು, ಹತ್ತಿಕೊಂಡಿತು. ಆಲಾಪ ನಿಂತು ತಾಳ ಹಿಡಿದಿತ್ತು. ಲೋಡು ಹಾಕಿಕೊಂಡು ಚಡಾವು ಹತ್ತಿ ನೋಡಿದರು. ಹತ್ತಿತು. ಇಳಿದು ಬಂದ ಮಾಮಾನ ಮುಖದಲ್ಲಿ ಸಂತೋಷವಿರಲಿಲ್ಲ.

"ಹೊಗಿನ ಬರವಲ್ದು. ಎಲ್ಲೋ ಏನೋ ಬಿಗಿ ಆಗೇತಿ" ಎಂದ.

ಅಂದು ರಾತ್ರಿ ಅಳಿಯ ಫೋನು ಮಾಡಿ ಹಳೆಯ ಲಾರಿ ಮಾರಲು ಉಪದೇಶ ಮಾಡಿದ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಲಾರಿ ತಗೋ, ಹೊಗೆಯೇ ಇಲ್ಲ, ಎಲ್ಲ ಕಂಪ್ಯೂಟರ್ ನೋಡಿಕೊಳ್ಳುತ್ತದೆ ಎಂದ. ಹಳೆಯ ಸೋಲು ಮನಸ್ಸಿನಲ್ಲಿತ್ತೆಂದು ಕಾಣುತ್ತದೆ, ಒಂದು ಮಾತು ಒತ್ತಿ ಹೇಳಿದ: "ಮಾಮಾ, ಈಗಿನ ಡೀಸೆಲ್ ಗಾಡಿಗೆ ಥ್ರಾಟಲ್ಲೂ ಐತಿ." ಅದೂ ನಿಜವೇ. ಹೊಗೆಯನ್ನು ತಿರುಗಿ ಎಂಜಿನ್ನಿಗೇ ಉಣಿಸುವ, ಸೈಲೆನ್ಸರಿನ ಮಸಿ ಸುಡುವ ಹೊಸ ಏರ್ಪಾಡಿಗಾಗಿ ಈಗಿನ ಎಷ್ಟೋ ಡೀಸೆಲ್ ಎಂಜಿನ್ನುಗಳ ಗಾಳಿದಾರಿಗೆ ಆ ತಗಡಿನ ಕದ ಮತ್ತೆ ಬಂದಿದೆ.

ಮಾಮಾ ಬಹಳ ಹೊತ್ತು ಯೋಚಿಸಿ ಕೇಳಿದ: "ಅದಕ್ಕ ಸ್ಕ್ರೂ ಐತೇನು?"

"ಇಲ್ಲ ಮಾಮಾ."

"ಮತ್ತ ಅದನ್ನ ತಗೊಂಡು ಏನ್ ಮಾಡ್ಲಿ?"